ಬಿಲ್ ಬುಕ್ಕಿನಲ್ಲಿ ಸಿಕ್ಕ ಹೆಸರು

2023ರ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ನಮ್ಮ ಗಾಣದ ಕೊಬ್ಬರಿ ಎಣ್ಣೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಕಾಣಿಸದಾಯಿತು. ಮಾಲು ಮುಗಿದಿರಲಿಲ್ಲ, ಯಾರಿಗೂ ಬಾಕಿ ಇರಲಿಲ್ಲ. ಬೇರೊಬ್ಬರ ಟ್ರೇಡ್‌ಮಾರ್ಕ್ ಬಳಸಿ ಮಾರುತ್ತಿದ್ದೀರಿ ಎಂದು ನಿಮ್ಮ ಮೇಲೆ ದೂರು ಬಂದಿದೆ, ಅದು ಇತ್ಯರ್ಥವಾಗುವವರೆಗೆ ಮಾರುವಂತಿಲ್ಲ ಎಂಬ ಇ-ಮೇಲ್ ಬಂದಿತ್ತು. ದೂರು ಕೊಟ್ಟವನು ಯಾರೆಂದು ನೋಡಿದರೆ, ಕೆಲವು ತಿಂಗಳಿಂದ ನಮ್ಮ ಹೆಸರನ್ನೂ ನಮ್ಮ ಲೇಬಲ್ಲಿನ ಎತ್ತನ್ನೂ ತನ್ನ ಬಾಟಲಿಗೆ ಅಂಟಿಸಿಕೊಂಡು ಮಾರುತ್ತಿದ್ದವನೇ!

ನಮ್ಮದು ಕಡೂರು ತಾಲ್ಲೂಕಿನ ಬಯಲುಸೀಮೆಯ ಹಳ್ಳಿ. ತೆಂಗೇ ಜೀವನ. ಕಾಯಿ ಕೆಡವಿ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಕಟ್ಟುತ್ತದೆ. ಉಂಡೆ ಕೊಬ್ಬರಿ ತಿಪಟೂರಿನ ಹರಾಜಿಗೆ, ಸುಲಿಯುವಾಗ ಒಡೆದು ಹೋಳಾದದ್ದು ಮನೆಯ ಗಾಣಕ್ಕೆ. ಮಾವನವರ ಕಾಲದಲ್ಲಿ ಗಾಣವನ್ನು ಎತ್ತು ತಿರುಗಿಸುತ್ತಿತ್ತು, ಈಗ ಮೋಟಾರು ತಿರುಗಿಸುತ್ತದೆ. ಗಾಣ ಮಾತ್ರ ಮರದ್ದೇ. ಮಾವ ತಮ್ಮ ತಾಯಿಯ ಹೆಸರನ್ನೇ ಎಣ್ಣೆಗೆ ಇಟ್ಟಿದ್ದರು. ಬೀರೂರಿನಲ್ಲಿ ಬೋರ್ಡು ಬರೆಯುತ್ತಿದ್ದವರೊಬ್ಬರ ಕೈಯಲ್ಲಿ ಗಾಣದ ಎತ್ತಿನ ಚಿತ್ರ ಬರೆಸಿ ಅದರ ಕೆಳಗೆ ಹೆಸರು ಹಾಕಿಸಿದ್ದರು. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದು ಅರ್ಜಿ ಇನ್ನೂ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಲ್ಲಿದೆ, ಒಂದು ದಾವೆ ತಯಾರಾಗುತ್ತಿದೆ. ಹೆಸರಿಲ್ಲದೆಯೂ ನಡೆದದ್ದನ್ನು ಹೇಳಬಹುದು.

ಮೂರು ಊರಿನಲ್ಲಿ ನಮ್ಮ ಎಣ್ಣೆಗೆ ಗಿರಾಕಿಗಳಿದ್ದರು. ಕಡೂರಿನಲ್ಲಿ ಸಂತೆಗೆ ಬರುವವರು, ತರೀಕೆರೆಯಲ್ಲಿ ನನ್ನ ಮೈದುನನ ದಿನಸಿ ಅಂಗಡಿಗೆ ಬರುವವರು, ಅಜ್ಜಂಪುರದಲ್ಲಿ ನನ್ನ ತವರಿನವರು. ಅಣ್ಣನದು ಈರುಳ್ಳಿ ವ್ಯಾಪಾರ. ಅಮೃತ ಮಹಲ್ ಕಾವಲಿನ ಕಡೆಯ ಹಳ್ಳಿಗಳಿಂದ ಈರುಳ್ಳಿ ತಂದು ಹಾಕುವ ರೈತರು ವಾಪಸ್ ಹೋಗುವಾಗ ಅವನ ಮಳಿಗೆಯಿಂದ ಎಣ್ಣೆ ಒಯ್ಯುತ್ತಿದ್ದರು. ಇವರಲ್ಲಿ ಯಾರೂ ಟ್ರೇಡ್‌ಮಾರ್ಕ್ ಉಂಟೇ ಎಂದು ಕೇಳಿದವರಲ್ಲ. ಎಣ್ಣೆ ಕಮಟು ವಾಸನೆ ಬಂದರೆ ಮನೆ ಬಾಗಿಲಿಗೆ ಬಂದು ಕೇಳುತ್ತಿದ್ದರು, ಅಷ್ಟೇ.

2019ರಲ್ಲಿ ನಾವು ಹೆಸರನ್ನು ನೋಂದಣಿ ಮಾಡಿಸಿದೆವು. ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ಕ್ಲಾಸಿಗೆ 4,500 ರೂಪಾಯಿ. ಮಾಲುಗಳನ್ನೂ ಸೇವೆಗಳನ್ನೂ ಒಟ್ಟು 45 ಕ್ಲಾಸುಗಳಾಗಿ ವಿಂಗಡಿಸಿದ್ದಾರೆ. ತಿನ್ನುವ ಎಣ್ಣೆ 29ನೇ ಕ್ಲಾಸು. ನಮ್ಮದು ತಿನ್ನುವ ಎಣ್ಣೆ, ಆ ಕ್ಲಾಸಿನಲ್ಲೇ ಪ್ರಮಾಣಪತ್ರ ಬಂತು, ಹತ್ತು ವರ್ಷದ ಅವಧಿಗೆ. ಮಾವ ತೀರಿಕೊಂಡ ಮೇಲೆ ಉದ್ದಿಮೆ ಅತ್ತೆಯ ಹೆಸರಿಗೆ ಬಂದಿತ್ತು, ಪ್ರಮಾಣಪತ್ರವೂ ಅವರ ಹೆಸರಿನಲ್ಲೇ ಇದೆ. ಕೊರೊನಾ ಕಾಲದಲ್ಲಿ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಎಣ್ಣೆ ಕಳಿಸಿ ಎಂದು ಕೇಳತೊಡಗಿದರು. ಹಾಗೆ ಶುರುವಾದದ್ದು ಆನ್‌ಲೈನ್ ವ್ಯಾಪಾರ. ಅದರ ಕೆಲಸ ಪೂರ್ತಿ ನನ್ನದು: ಫೋಟೊ, ಬೆಲೆ, ಪ್ಯಾಕಿಂಗ್, ಕೊರಿಯರ್.

ಮೊದಲ ಫೋನು ಬಂದದ್ದು ಹುಬ್ಬಳ್ಳಿಯಿಂದ. ಆ ಹೆಣ್ಣುಮಗಳು ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. "ನಿಮ್ಮ ಎಣ್ಣಿ ಅಂತ ನಂಬಿ ಮಗಳ ತಲೀಗೆ ಹಚ್ಚೀನ್ರಿ, ನೆತ್ತಿ ಎಲ್ಲಾ ತುರಿಸ್ಲಿಕ್ಕೆ ಹತ್ತೇತಿ" ಅಂದರು. ಬಾಟಲಿಯ ಫೋಟೊ ತರಿಸಿಕೊಂಡು ನೋಡಿದೆ. ನಮ್ಮದಲ್ಲ. ನಮ್ಮ ಎತ್ತು ಬಲಕ್ಕೆ ನಡೆಯುತ್ತದೆ, ಆ ಬಾಟಲಿಯ ಎತ್ತು ಎಡಕ್ಕೆ. ನಮ್ಮ ಹೆಸರು ಕನ್ನಡದಲ್ಲಿದೆ, ಅಲ್ಲಿ ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ಬಣ್ಣ, ಅಂಚಿನ ಬಳ್ಳಿ, ಮುಚ್ಚಳ ಎಲ್ಲ ನಮ್ಮದರಂತೆಯೇ. ಮೇಲೆ "ತಲೆಗೂದಲಿನ ಎಣ್ಣೆ" ಎಂದು ಬರೆದಿತ್ತು.

ಒಂದು ಬಾಟಲಿಯನ್ನು ನಾವೇ ಕಡೂರಿನ ವಿಳಾಸಕ್ಕೆ ತರಿಸಿದೆವು. ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮದನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಓದುತ್ತಾ ಕೂತಾಗ ಹಿಂಬದಿಯ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರು. ತಲೆ ಎಣ್ಣೆಗೆ ಆಹಾರದ ನಂಬರು ಯಾಕೆ? ಅದು ಸೌಂದರ್ಯವರ್ಧಕ, ಅದಕ್ಕೆ ಬೇಕಾದ ಲೈಸೆನ್ಸೇ ಬೇರೆ. ನಂಬರು 212ರಿಂದ ಶುರುವಾಗಿತ್ತು. ಮೊದಲ 2 ಎಂದರೆ ಸಣ್ಣವರಿಗೆ ಕೊಡುವ ನೋಂದಣಿ, ಮುಂದಿನ 12 ಎಂದರೆ ಕರ್ನಾಟಕ. ಉಳಿದ ಅಂಕಿಗಳನ್ನು ಹೋಲಿಸಿ ನೋಡಿದೆ. ನಮ್ಮದೇ ನಂಬರು, ಅದೂ ಹಳೆಯದು. ವಹಿವಾಟು 12 ಲಕ್ಷ ದಾಟಿದ ಮೇಲೆ ನಾವು ನೋಂದಣಿಯಿಂದ ಲೈಸೆನ್ಸಿಗೆ ಬದಲಾಗಿದ್ದೆವು, ಆಗ ನಂಬರೂ ಬದಲಾಗಿ 112ರಿಂದ ಶುರುವಾಗಿತ್ತು. ನಾನು ಆನ್‌ಲೈನಿಗೆ ಹಾಕಿದ್ದ ಹಳೇ ಫೋಟೊ ಇಟ್ಟುಕೊಂಡು ಲೇಬಲ್ ಮಾಡಿಸಿದವನಿಗೆ ಆ ಸಾಲು ಏನೆಂದೂ ಗೊತ್ತಿರಲಿಲ್ಲ.

ಆ ರಾತ್ರಿ ಎರಡೂ ಬಾಟಲಿಗಳನ್ನು ಹಿತ್ತಿಲ ಜಗಲಿಯ ಮೇಲಿಟ್ಟೆವು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗದೆ ಇರುವುದೇ ಇಲ್ಲ. ಬೆಳಿಗ್ಗೆ ಅತ್ತೆ ಎರಡನ್ನೂ ಕೈಯಲ್ಲಿ ಹಿಡಿದು ಬಂದರು. ನಮ್ಮದು ಬೆಳ್ಳಗೆ ಕಲ್ಲಾಗಿತ್ತು. ಅದು ನೀರಿನ ಹಾಗೆ ಕುಲುಕುತ್ತಿತ್ತು. "ಇದಕ್ಕೆ ನಮ್ಮತ್ತೆ ಹೆಸರು ಇಟ್ಟವ್ರೆ" ಅಂದರು. ಅವರ ಧ್ವನಿ ನಡುಗುತ್ತಿತ್ತು.

ಅವನ ಮೇಲೆ ದೂರು ಕೊಡಲು ಕಾಗದಪತ್ರ ಜೋಡಿಸುತ್ತಿದ್ದಾಗಲೇ ನಮ್ಮ ಮೇಲೆ ದೂರು ಬಂದದ್ದು. ನಮ್ಮ ಎಣ್ಣೆಯ ವಿವರದಲ್ಲಿ "ಅಡುಗೆಗೂ ತಲೆಗೂ" ಎಂದು ಬರೆದಿದ್ದೆವು. ತಲೆ ಎಣ್ಣೆ 3ನೇ ಕ್ಲಾಸಿಗೆ ಸೇರುತ್ತದೆ. ಆ ಕ್ಲಾಸಿನಲ್ಲಿ ಅವನು ಅರ್ಜಿ ಹಾಕಿಕೊಂಡಿದ್ದ. ಅರ್ಜಿಯ ನಂಬರನ್ನೇ ದೊಡ್ಡ ಹಕ್ಕಿನಂತೆ ತೋರಿಸಿ ನಮ್ಮನ್ನು ಕೆಳಗಿಳಿಸಿದ್ದ.

ಮುಂದಿನ ದಿನಗಳು ಬಹಳ ಕೆಟ್ಟವು. ಇ-ಮೇಲ್ ಬರೆದರೆ ಯಂತ್ರ ಉತ್ತರ ಕೊಡುತ್ತಿತ್ತು: ದೂರು ಕೊಟ್ಟವರ ಜೊತೆ ನೀವೇ ಮಾತಾಡಿ ಅವರಿಂದ ದೂರು ವಾಪಸ್ ತೆಗೆಸಿ ಎಂದು. ಕಳ್ಳನ ಹತ್ತಿರ ಹೋಗಿ ಅಪ್ಪಣೆ ಕೇಳಿ ಎಂದಂತೆ. ಫೋನಿನಲ್ಲಿ ಮಾತಾಡಲು ಒಬ್ಬ ಮನುಷ್ಯ ಸಿಗಲಿಲ್ಲ. ಅತ್ತ ಅವನ ಎಣ್ಣೆ ಕೊಂಡವರು ಬೈದು ಬರೆಯುತ್ತಿದ್ದದ್ದು ನಮ್ಮ ಹೆಸರಿಗೇ, ಕಡೂರಿನವರು ಕಲಬೆರಕೆ ಮಾಡುತ್ತಾರೆ ಎಂದು. ಆ ಮಾತು ಊರಿಗೂ ಬಂತು. ತರೀಕೆರೆಯ ಅಂಗಡಿಗೆ ಹಳೇ ಗಿರಾಕಿಯೊಬ್ಬರು ಅರ್ಧ ಖಾಲಿಯಾದ ಬಾಟಲಿ ತಂದು ಗಲ್ಲಾದ ಮೇಲಿಟ್ಟು, ದುಡ್ಡೂ ಕೇಳದೆ ಹೋದರಂತೆ. ಅದು ಅಸಲಿ ಬಾಟಲಿಯೇ. ಮೈದುನ ಫೋನು ಮಾಡಿ, "ಅತ್ತಿಗೆ, ಅವರು ಏನಾದ್ರೂ ಅಂದಿದ್ರೆ ಉತ್ತರ ಹೇಳಬಹುದಿತ್ತು" ಅಂದ. ಕೊಬ್ಬರಿ ಹೆಚ್ಚಿ ಒಣಗಿಸಲು ಬರುತ್ತಿದ್ದ ಹೆಂಗಸರಿಗೆ ಕೆಲಸ ಕೊಡಲಾಗಲಿಲ್ಲ. ಅವರ ಮುಖ ನೋಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುತ್ತಿದ್ದ ಜಾಗ ಸಿಕ್ಕಿಬಿದ್ದ ಸುದ್ದಿ ಬಂತು. ಸಚಿವ ಎಂ.ಬಿ. ಪಾಟೀಲರೇ ಅದರ ವಿವರ ಕೊಟ್ಟರು. ಮಹಾರಾಜರ ಕಾಲದಿಂದ ಬಂದ, ಸರ್ಕಾರವೇ ಹಿಂದೆ ನಿಂತ ಹೆಸರಿಗೂ ಹೀಗಾಗುತ್ತದೆ. ಅವರು ಕಂಪನಿಯ ಜನರನ್ನು ಕಳಿಸಿ ಕೊಂಡು ನೋಡಿಸಿ ಪೊಲೀಸರನ್ನು ಕರೆದೊಯ್ಯಬಲ್ಲರು. ನಮಗೆ ನಕಲಿ ಎಣ್ಣೆ ಯಾವ ಊರಿನ ಯಾವ ಶೆಡ್ಡಿನಲ್ಲಿ ತುಂಬುತ್ತಾರೆ ಎಂಬುದೇ ಗೊತ್ತಿರಲಿಲ್ಲ. ಲೇಬಲ್ಲಿನ ವಿಳಾಸದಲ್ಲಿ ಅಂಥ ಕಾರ್ಖಾನೆಯೇ ಇರಲಿಲ್ಲ.

ತರೀಕೆರೆಯ ಡಿವೈಎಸ್‌ಪಿ ಕಚೇರಿಗೂ ಹೋದೆವು. ಕಾನೂನಿನ ಸ್ಥಿತಿ ಅಲ್ಲಿ ತಿಳಿಯಿತು. ಟ್ರೇಡ್‌ಮಾರ್ಕ್ ಪ್ರಕರಣದಲ್ಲಿ ಶೋಧನೆ, ಜಪ್ತಿ ಮಾಡಲು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಗೆ ಅಧಿಕಾರವಿಲ್ಲ. ಅವರೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅವರ ಅಭಿಪ್ರಾಯ ಪಡೆಯಬೇಕು. 1999ರ ಕಾಯ್ದೆಯ 115ನೇ ಕಲಂನಲ್ಲಿ ಹಾಗೇ ಇದೆ. ಕಡೂರಿನಲ್ಲಿ ನಮ್ಮ ಜಮೀನಿನ ಕೆಲಸ ನೋಡುವ ವಕೀಲರು ನೇರವಾಗಿ ಹೇಳಿದರು: "ದಾವೆ ಆಮೇಲೆ ಹಾಕೋಣಮ್ಮ. ಅವನ ಅರ್ಜಿ ಮಂಜೂರಾಗೋಕೆ ಮುಂಚೆ ತಡೀಬೇಕು. ಅದು ನನ್ನ ಕೈಲಾಗೋ ಕೆಲಸ ಅಲ್ಲ, ಟ್ರೇಡ್‌ಮಾರ್ಕ್ ಮಾಡೋರನ್ನ ಹಿಡೀರಿ." ತಮಗೆ ಬಾರದ್ದನ್ನು ಬಾರದು ಎಂದ ಆ ವಕೀಲರಿಗೆ ನಾನು ಋಣಿ.

ಬೆಂಗಳೂರಿನಲ್ಲಿ ಸಿಕ್ಕವರು ಒಬ್ಬ ಹೆಣ್ಣುಮಗಳು, ಈ ಒಂದೇ ಕೆಲಸ ಮಾಡುವ ವಕೀಲೆ. ರಿಜಿಸ್ಟ್ರಿಯ ಮುಂದೆ ಬೇರೆಯವರ ಪರವಾಗಿ ನಿಲ್ಲಲು ವಕೀಲರಾಗಿರಬೇಕು, ಇಲ್ಲವೇ ಪರೀಕ್ಷೆ ಪಾಸಾದ ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟ್ ಆಗಿರಬೇಕು. ಮಾತಾಡಿದ ಮೊದಲ ದಿನವೇ ಅವರು ಕೇಳಿದರು, "ಅಕ್ಕಾ, ಅವರ ಅರ್ಜಿ ತೆಗೆದು ನೋಡಿದ್ದೀರಾ?" ರಿಜಿಸ್ಟ್ರಿಯ ಜಾಲತಾಣದಲ್ಲಿ ಯಾರ ಅರ್ಜಿಯನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಯಾವಾಗಿನಿಂದ ಬಳಸುತ್ತಿದ್ದೀರಿ ಎಂಬ ಕಡೆ, ಇನ್ನು ಮುಂದೆ ಬಳಸಲಿದ್ದೇವೆ ಎಂದು ಅವನೇ ಬರೆದುಕೊಟ್ಟಿದ್ದ. ಅಂದರೆ ಅರ್ಜಿ ಹಾಕುವ ದಿನದವರೆಗೆ ಆ ಹೆಸರನ್ನು ತಾನು ಬಳಸಿಯೇ ಇಲ್ಲ ಎಂದು ಅವನ ಕೈಬರಹವೇ ಹೇಳುತ್ತಿತ್ತು. ಅಷ್ಟಾಗಿಯೂ ಬಾಟಲಿಯ ಮೇಲೆ ವೃತ್ತದೊಳಗಿನ ಆರ್ ಗುರುತು ಹಾಕಿಕೊಂಡಿದ್ದ. ಅದು ನೋಂದಣಿಯಾದ ಹೆಸರಿಗೆ ಮಾತ್ರ ಹಾಕುವಂಥದು, ಆಗದ್ದಕ್ಕೆ ಹಾಕುವುದನ್ನು 107ನೇ ಕಲಂ ನಿಷೇಧಿಸುತ್ತದೆ.

ನನ್ನ ಒಂದು ಭಯವನ್ನು ಅವರು ಸುಮ್ಮನೆ ಸಮಾಧಾನ ಹೇಳಿ ಮುಚ್ಚಲಿಲ್ಲ. 29ನೇ ಕ್ಲಾಸಿನ ಪ್ರಮಾಣಪತ್ರ ಇದೆಯಲ್ಲ, ಅದು ಸಾಲದೇ ಎಂದಿದ್ದಕ್ಕೆ ನಂದಿನಿ ಪ್ರಕರಣ ಹೇಳಿದರು. ಹಾಲು ಮಹಾಮಂಡಳ ನಂದಿನಿ ಹೆಸರನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ. ಹೋಟೆಲಿನವರ ನೋಂದಣಿಯನ್ನು ಮಹಾಮಂಡಳ ವಿರೋಧಿಸಿ ಹೈಕೋರ್ಟಿನಲ್ಲಿ ಗೆದ್ದಿತ್ತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಚಿಹ್ನೆಗಳು ನೋಡಲು ಬೇರೆ, ಮಾಲುಗಳೂ ಬೇರೆ. ಒಂದು ಕ್ಲಾಸಿನಲ್ಲಿ ಒಂದು ಮಾಲಿಗೆ ಹೆಸರು ಪಡೆದವರು ಆ ಇಡೀ ಕ್ಲಾಸನ್ನೇ ತಮ್ಮದು ಎನ್ನುವಂತಿಲ್ಲ ಎಂದಿತು. ಮನೆಮನೆಗೂ ಹಾಲು ಹಾಕುವ ಹೆಸರಿಗೇ ಹಾಗಾದರೆ, ಬೇರೆ ಕ್ಲಾಸಿನಲ್ಲಿ ನಿಂತಿರುವವನ ಮುಂದೆ ನಮ್ಮ ಗತಿ ಏನು? ವ್ಯತ್ಯಾಸ ಇದೆ ಎಂದರು ಅವರು. ಅಲ್ಲಿ ಇಬ್ಬರೂ ವರ್ಷಗಟ್ಟಲೆ ತಂತಮ್ಮ ವ್ಯಾಪಾರ ಮಾಡಿಕೊಂಡು ಬಂದವರು, ಚಿತ್ರಗಳೂ ಬೇರೆ. ಇಲ್ಲಿ ಎತ್ತನ್ನೂ ಹೆಸರನ್ನೂ ಎತ್ತಿಕೊಂಡಿದ್ದಾನೆ, ಮಾಲೂ ಕೊಬ್ಬರಿ ಎಣ್ಣೆಯೇ. ಆದರೆ ತಲೆ ಎಣ್ಣೆಯಾಗಿಯೂ ನೀವೇ ಮೊದಲು ಮಾರಿದ್ದು ಎಂದು ತೋರಿಸಿದರೆ ಪ್ರಕರಣ ಗಟ್ಟಿ.

ಮೊದಲು ಬಳಸಿದವರ ಹಕ್ಕು ದೊಡ್ಡದು ಎಂಬುದಕ್ಕೆ ಅವರು ತೋರಿಸಿದ ತೀರ್ಪು ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾದ್ದು. ಅಲ್ಲಿ ಎರಡೂ ಕಡೆಯವರ ಕೈಯಲ್ಲಿ ನೋಂದಣಿ ಇತ್ತು. ಆದರೂ ಮೊದಲಿನಿಂದ ಆ ಹೆಸರಿನಲ್ಲಿ ಹಲ್ವಾ ಮಾಡಿ ಮಾರಿದವರ ಹಕ್ಕೇ ಮೇಲು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಊರಿನ ಒಂದು ಹಲ್ವಾ ಅಂಗಡಿ ಗೆದ್ದ ಕಥೆ ಕೇಳಿದ ರಾತ್ರಿ ನಾನು ಬಹಳ ದಿನದ ಮೇಲೆ ನಿದ್ದೆ ಮಾಡಿದೆ.

ಇನ್ನು ಹುಡುಕಾಟ. ಹಳೇ ಬಿಲ್ಲು, ಲೇಬಲ್ ಅಚ್ಚು ಹಾಕಿಸಿದ ರಸೀದಿ, ಜಾಹೀರಾತು, ದಿನಾಂಕ ಇರುವ ಯಾವ ಚೂರಾದರೂ ಸರಿ ಎಂದಿದ್ದರು. ಮನೆಯ ಅಟ್ಟದ ಟ್ರಂಕಿನಲ್ಲಿದ್ದ ಮಾವನವರ ಬಿಲ್ ಬುಕ್ಕುಗಳನ್ನು ಗೆದ್ದಲು ತಿಂದಿತ್ತು. ಮುಟ್ಟಿದರೆ ಮಣ್ಣು. ನನ್ನ ಗಂಡ ಟ್ರಂಕಿನ ಮುಂದೆ ಕೂತೇ ಬಿಟ್ಟರು. ಆಗ ನನಗೆ ಅಣ್ಣನ ನೆನಪಾಯಿತು. ಅವನು ಒಂದು ಚೀಟಿಯನ್ನೂ ಬಿಸಾಕುವವನಲ್ಲ, ಅತ್ತಿಗೆ ಅದಕ್ಕೆ ಅವನೊಡನೆ ಎಷ್ಟು ಜಗಳ ಆಡಿದ್ದಾರೋ! ಅಜ್ಜಂಪುರದ ಅವನ ಗೋದಾಮಿನಲ್ಲಿ ಈರುಳ್ಳಿ ಚೀಲಗಳ ಹಿಂದೆ, ಗೋಡೆಗೆ ತಗುಲದಂತೆ ಹಲಗೆಯ ಮೇಲೆ, ವರ್ಷವರ್ಷದ ಬಿಲ್ಲುಗಳನ್ನು ಸುತಲಿ ದಾರದಲ್ಲಿ ಕಟ್ಟಿ ಇಟ್ಟಿದ್ದ. ಅತ್ತಿಗೆಯೂ ನಾನೂ ನೆಲದ ಮೇಲೆ ಕೂತು ಒಂದೊಂದೇ ಕಟ್ಟು ಬಿಚ್ಚಿದೆವು.

ಸಿಕ್ಕಿತು. 2006ನೇ ಇಸವಿಯದು. ಹಳದಿಯಾದ ಕಾಗದ, ಮೇಲೆ ನೇರಳೆ ಶಾಯಿಯ ರಬ್ಬರ್ ಸ್ಟಾಂಪು: ಎತ್ತು, ಅದರ ಕೆಳಗೆ ಅಜ್ಜಿಯ ಹೆಸರು. ಎತ್ತಿನ ಒಂದು ಕೊಂಬು ಮೂಡಿರಲಿಲ್ಲ. ಕೆಳಗೆ ಮಾವನವರ ಓರೆ ಅಕ್ಷರದಲ್ಲಿ ಎರಡು ಸಾಲು. ಮೊದಲನೆಯದು "ಅಡುಗೆ ಎಣ್ಣೆ, ಡಬ್ಬ". ಎರಡನೆಯದು "ತಲೆ ಎಣ್ಣೆ, ಸಣ್ಣ ಬಾಟ್ಲಿ, 1 ಡಜನ್". ಎಣ್ಣೆ ಎರಡೂ ಒಂದೇ ಗಾಣದ್ದು. ಆದರೆ ಸಣ್ಣ ಬಾಟಲಿಯ ಲೆಕ್ಕ ಬೇರೆ ಇರಲಿ ಎಂದು ಮಾವ ಬೇರೆ ಸಾಲಿನಲ್ಲಿ ಬರೆಯುತ್ತಿದ್ದರು. ಆ ಒಂದು ಸಾಲು ನಮ್ಮನ್ನು ಉಳಿಸಿತು. ಅತ್ತಿಗೆ ಅಳುತ್ತಿದ್ದರು, ನಾನೂ. ಮುಂದಿನ ವರ್ಷಗಳ ಕಟ್ಟುಗಳಲ್ಲೂ ಅದೇ ಸಾಲು ಮತ್ತೆ ಮತ್ತೆ ಸಿಕ್ಕಿತು.

ಟ್ರೇಡ್‌ಮಾರ್ಕ್ ಜರ್ನಲ್ ಪ್ರತಿ ಸೋಮವಾರ ಪ್ರಕಟವಾಗುತ್ತದೆ. ಅದರಲ್ಲಿ ಅರ್ಜಿ ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ತಕರಾರು ಸಲ್ಲಿಸಬೇಕು, ಆಮೇಲೆ ಒಂದು ದಿನವೂ ಮಾಫಿ ಇಲ್ಲ. ಅವನ ಅರ್ಜಿ ಪ್ರಕಟವಾಗಿತ್ತು, ನಾವು ಗಡುವಿನೊಳಗೆ ಇದ್ದೆವು. ಆನ್‌ಲೈನಿನಲ್ಲಿ ತಕರಾರಿನ ಶುಲ್ಕ 2,700 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಎಲ್ಲ ಕಾಗದವೂ ಕಂಪ್ಯೂಟರಿನಲ್ಲೇ ಹೋಯಿತು.

ಅದೇ ಹೊತ್ತಿಗೆ ವಕೀಲೆ ಆನ್‌ಲೈನ್ ಮಾರುಕಟ್ಟೆಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದರು. 2021ರ ಐಟಿ ನಿಯಮಗಳ ಪ್ರಕಾರ ಅಂಥ ಅಧಿಕಾರಿ ಇರಲೇಬೇಕು, ಆಗಿನ ನಿಯಮದಂತೆ ದೂರಿಗೆ 15 ದಿನದೊಳಗೆ ಪರಿಹಾರ ಹೇಳಬೇಕಿತ್ತು. ಪತ್ರದ ಸಾರ ಇಷ್ಟು: ನೋಂದಣಿಯಾಗದ ಹೆಸರಿನ ಮೇಲೆ ಉಲ್ಲಂಘನೆಯ ಮೊಕದ್ದಮೆಯನ್ನೇ ಹೂಡಲು ಬರುವುದಿಲ್ಲ ಎಂದು 27ನೇ ಕಲಂ ಹೇಳುತ್ತದೆ. ಬರೀ ಅರ್ಜಿ ಹಾಕಿದವನ ಮಾತಿನ ಮೇಲೆ, ನೋಂದಣಿ ಇರುವವರನ್ನು ನೀವು ಕೆಳಗಿಳಿಸಿದ್ದೀರಿ. ಆಧಾರವಿಲ್ಲದೆ ಟ್ರೇಡ್‌ಮಾರ್ಕ್ ಹೆಸರಿನಲ್ಲಿ ಮೊಕದ್ದಮೆಯ ಬೆದರಿಕೆ ಹಾಕುವವರ ಮೇಲೆ ನೊಂದವರು ದಾವೆ ಹೂಡಲು 142ನೇ ಕಲಂ ಅವಕಾಶ ಕೊಡುತ್ತದೆ. ಜೊತೆಗೆ ನಮ್ಮ ಪ್ರಮಾಣಪತ್ರ, 2006ರ ಬಿಲ್ಲು, ಎರಡೂ ಬಾಟಲಿಗಳ ಹಿಂಬದಿಯ ಫೋಟೊ. ನಾನು ತಿಂಗಳುಗಟ್ಟಲೆ ಬರೆದದ್ದಕ್ಕೆ ಸಿಗದ ಉತ್ತರ ಆ ಒಂದು ಪತ್ರಕ್ಕೆ ಸಿಕ್ಕಿತು. ನಮ್ಮ ಎಣ್ಣೆ ಮತ್ತೆ ಮಾರಾಟಕ್ಕೆ ಬಂತು, ಅವನದನ್ನು ತೆಗೆದರು. ನನಗೆ ಸಂತೋಷಕ್ಕಿಂತ ಸಿಟ್ಟು ಬಂತು. ನಾನು ಬರೆದದ್ದೂ ಅದೇ ಸತ್ಯ, ಅದೇ ಫೋಟೊ. ಕಲಂಗಳ ನಂಬರು ಗೊತ್ತಿಲ್ಲದ ಗಾಣದ ಹೆಂಗಸಿನ ಪತ್ರವನ್ನು ಒಬ್ಬ ಮನುಷ್ಯ ಕೂತು ಓದುವ ವ್ಯವಸ್ಥೆ ಇರಬೇಕು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ತಕರಾರಿನ ಪ್ರತಿ ತಲುಪಿದ ಎರಡು ತಿಂಗಳೊಳಗೆ ಅವನು ಪ್ರತಿಹೇಳಿಕೆ ಕೊಡಬೇಕಿತ್ತು. ಕೊಡಲಿಲ್ಲ. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ ಎಂಬುದು ಕಾಯ್ದೆಯ ಮಾತು, ಹಾಗೇ ಆಯಿತು. ನಾವು 3ನೇ ಕ್ಲಾಸಿಗೂ ಅರ್ಜಿ ಹಾಕಿದ್ದೇವೆ, 2006ರಿಂದ ಬಳಕೆ ಎಂದು ತೋರಿಸಿ. ಆ ವರ್ಷದ ಕೊನೆಗೆ, 2024ರ ಡಿಸೆಂಬರ್ 18ರಂದು, ತೆರಿಗೆಯ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಪತ್ರಿಕೆಯಲ್ಲಿ ಓದಿದೆ: ಸಣ್ಣ ಬಾಟಲಿಯಲ್ಲಿ ತುಂಬಿದ ಮಾತ್ರಕ್ಕೆ ಶುದ್ಧ ಕೊಬ್ಬರಿ ಎಣ್ಣೆ ತಲೆ ಎಣ್ಣೆ ಆಗಿಬಿಡುವುದಿಲ್ಲ ಎಂದು. ನಮ್ಮ ಮನೆಗಳಲ್ಲಿ ಒಂದೇ ಎಣ್ಣೆ ಒಗ್ಗರಣೆಗೂ ನೆತ್ತಿಗೂ ಆಗುತ್ತದೆ ಎಂಬುದು ದೆಹಲಿಯವರೆಗೆ ಹೋಗಿ ವಾದವಾಗಬೇಕಾಯಿತು.

ನಮ್ಮ ಹೆಸರಿನ ಕೆಳಗೆ ಬಿದ್ದಿದ್ದ ಬೈಗುಳಗಳಲ್ಲಿ ಕೆಲವು ಹೋದವು, ಕೆಲವು ಇನ್ನೂ ಇವೆ. ಹುಬ್ಬಳ್ಳಿಯ ಆ ತಾಯಿಗೆ ನಡೆದದ್ದೆಲ್ಲ ಹೇಳಿದೆ. ಮಗಳ ತುರಿಕೆ ವಾಸಿಯಾಗಿದೆಯಂತೆ. ಇನ್ನು ಎಣ್ಣೆಯನ್ನು ಆನ್‌ಲೈನಿನಲ್ಲಿ ಕೊಳ್ಳುವುದಿಲ್ಲ ಎಂದರು, ಯಾರದ್ದನ್ನೂ. ನಾನು ಒತ್ತಾಯ ಮಾಡಲಿಲ್ಲ.

ಈಗ ಅವನು ಇನ್ನೊಂದು ಆ್ಯಪ್‌ನಲ್ಲಿ ಬಂದಿದ್ದಾನೆ. ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿಕೊಂಡಿದ್ದಾನೆ, ಒಂದು ಎತ್ತಿನ ಬದಲು ಎರಡು ಎತ್ತು. ಹಾಗಾಗಿ ದಾವೆ ಹೂಡುವುದೆಂದು ತೀರ್ಮಾನಿಸಿದ್ದೇವೆ. ನೋಂದಣಿ ಇರುವವರು ತಾವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ಉಲ್ಲಂಘನೆಯ ದಾವೆ ಹೂಡಬಹುದು. ನಮ್ಮ ಮಾಲಿನ ಸೋಗಿನಲ್ಲಿ ತನ್ನ ಮಾಲು ಮಾರಿದ ಎಂಬ ದಾವೆಗೆ ಮಾತ್ರ, ಅವನ ಮಾಲು ನಮ್ಮ ಜಿಲ್ಲೆಗೆ ಬಂದಿದೆ ಎಂದು ತೋರಿಸಬೇಕು. ಕಡೂರಿಗೆ ತರಿಸಿದ್ದ ಬಾಟಲಿ, ಅದರ ಬಿಲ್ಲು, ಕೊರಿಯರ್ ಚೀಟಿ ಎಲ್ಲ ಅದಕ್ಕೇ ಬೀರುವಿನಲ್ಲಿವೆ. ಹೊಸದನ್ನೂ ತರಿಸಿದ್ದೇವೆ. ವಾದಿ ಅತ್ತೆಯೇ. ವಯಸ್ಸಾಗಿದೆ, ಮಗನಿಗೆ ಜಿಪಿಎ ಕೊಟ್ಟರೆ ಸಾಕು, ನೀವು ಓಡಾಡಬೇಕಿಲ್ಲ ಎಂದು ವಕೀಲೆ ಹೇಳಿ ನೋಡಿದರು. ಅತ್ತೆ ಒಪ್ಪಲಿಲ್ಲ. ಚಿಕ್ಕಮಗಳೂರಿನ ಕೋರ್ಟಿಗೆ ತಾವೇ ಬಂದು, ಅದು ಯಾರ ಹೆಸರು ಎಂದು ತಾವೇ ಹೇಳುತ್ತಾರಂತೆ.